ನನ್ನ ಸುಳ್ಳಾಟ ಮತ್ತು ಆಯಿಯ ಮುಚ್ಚಿದ ಎಲೆ

ಸುಳ್ಳು ಹೇಳುವುದು ಅಂಥ ಕಷ್ಟದ ಕೆಲಸವೇನಲ್ಲ. ಸ್ವಲ್ಪ ಧೈರ್ಯ, ಸ್ವಲ್ಪ ನೆನಪಿನ ಶಕ್ತಿ ಇದ್ದರೆ ಯಾರು ಬೇಕಾದರೂ ಹೇಳಬಹುದು. ಕಷ್ಟವಿರುವುದು ಸಿಕ್ಕಿಬಿದ್ದ ಮರುದಿನ. ಅದೇ ಜನ, ಅದೇ ಓಣಿ, ಅದೇ ಮುಖ ಹೊತ್ತುಕೊಂಡು ಮತ್ತೆ ತಿರುಗಾಡಬೇಕಲ್ಲ! ಬಸವಕಲ್ಯಾಣದ ಶಾಲೆಯೊಂದರಲ್ಲಿ ಗಣಿತದ ಮಾಸ್ತರನಾಗಿದ್ದ ನನಗೆ ಇದರ ಮೊದಲ ಪಾಠವಾದದ್ದು ಒಂದು ರಜೆ ಚೀಟಿಯಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೋದರತ್ತೆ ತೀರಿಕೊಂಡಳೆಂದು ಬರೆದುಕೊಟ್ಟು ಎರಡು ದಿನ ಹಾಯಾಗಿ ಮಲಗಿದ್ದೆ. ಮೂರನೆಯ ದಿನ ಅದೇ ಸೋದರತ್ತೆ ಕೊಹಿನೂರ ಹಳ್ಳಿಯಿಂದ ಜೋಳದ ಚೀಲದೊಂದಿಗೆ ಬಂದು ಬಸ್ಸಿಳಿದು, ನನ್ನ ಮನೆ ಗೊತ್ತಾಗದೆ ನೆಟ್ಟಗೆ ಶಾಲೆಗೇ ಹೋಗಿ, ಹೆಡ್ ಮಾಸ್ತರರಿಗೆ ತನ್ನ ಪರಿಚಯ ಹೇಳಿಕೊಂಡಳು. ಅವರು ಆಕೆಗೆ ಚಹಾ ತರಿಸಿ ಕೊಟ್ಟು, ಆರೋಗ್ಯ ಹೇಗಿದೆ ಎಂದು ಬಹಳ ಕಾಳಜಿಯಿಂದ ಕೇಳಿದರಂತೆ. ಮುಂದೆ ನನಗೆ ನಿಜವಾಗಿಯೇ ಚಳಿಜ್ವರ ಬಂದಾಗ ಅವರು ಚೀಟಿ ಓದಿ ಬದಿಗಿಟ್ಟು, ಸ್ವತಃ ಮನೆಗೆ ಬಂದು ನನ್ನ ಹಣೆ ಮುಟ್ಟಿ ನೋಡಿ ಹೋದರು. ಅಲ್ಲಿಂದ ಮುಂದೆ ಆ ಶಾಲೆಯಲ್ಲಿ ನನ್ನ ಮಾತಿಗಿಂತ ನನ್ನ ಹಣೆಗೇ ಹೆಚ್ಚು ಬೆಲೆ.

ಆದರೆ ನಾನು ಹೇಳಹೊರಟಿರುವುದು ರಜೆಯ ವಿಷಯವಲ್ಲ, ಇಸ್ಪೀಟಿನ ವಿಷಯ. ಇಸ್ಪೀಟು ಎಂದ ಕೂಡಲೇ ಮೂಗು ಮುರಿಯಬೇಡಿ. ಹುಮನಾಬಾದಿನಲ್ಲಿರುವ ನನ್ನ ಮಾವನ ಮನೆಯಲ್ಲಿ ದೀಪಾವಳಿಗೆ ಮೂರೆಲೆ ಆಟದ ಪಂದ್ಯ ನಡೆಯುತ್ತದೆ. ನರಕ ಚತುರ್ದಶಿಯ ಎಣ್ಣೆನೀರು ಮುಗಿದು, ಹಬ್ಬದ ತಿಂಡಿ ಫರಾಳದ ತಾಟು ಖಾಲಿಯಾದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಶುರು ಮಾಡಿದರೆ ಪಾಡ್ಯದ ದಿನ ಸಂಜೆಯೊಳಗೆ ಮುಕ್ತಾಯ. ಅದರಲ್ಲಿ ಒಂದು ಪೈಸೆಯೂ ಕಾಣಿಸಿಕೊಳ್ಳಬಾರದು. ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಹುಣಸೆ ಬೀಜ. ಬೀಜ ಮುಗಿದವರು ಎದ್ದು ಹೋಗಬೇಕು, ಕೊನೆಗೆ ಉಳಿದವರು ಗೆದ್ದಂತೆ. ಗೆದ್ದವರಿಗೆ ಸಿಗುವುದು ಒಂದು ಮಾತು. ಹೌದು, ಮಾತೇ. ಗೆದ್ದವರು ಏನಾದರೊಂದು ಕೇಳಬಹುದು. ಮನೆಯವರು, ಹಿರಿಯರಿರಲಿ ಕಿರಿಯರಿರಲಿ, ಇಲ್ಲ ಅನ್ನುವಂತಿಲ್ಲ. ಈ ಪದ್ಧತಿ ಎಂದಿನಿಂದ ಬಂತೆಂದು ಕೇಳಿದರೆ ನನ್ನ ಮಾವ ಶಿವಲಿಂಗಪ್ಪನವರು ನಿಜಾಮನ ಕಾಲದ್ದು ಅನ್ನುತ್ತಾರೆ. ಆ ಮನೆಯಲ್ಲಿ ಯಾವುದರ ಮೂಲ ಗೊತ್ತಿಲ್ಲವೋ ಅದೆಲ್ಲ ನಿಜಾಮನ ಕಾಲದ್ದೇ.

ಪಂದ್ಯವನ್ನು ಹೆಚ್ಚುಕಡಿಮೆ ಪ್ರತಿ ವರ್ಷ ಗೆಲ್ಲುತ್ತಿದ್ದವಳು ಆಯಿ, ಅಂದರೆ ಮಾವನ ತಾಯಿ, ನನ್ನ ಹೆಂಡತಿ ಶಾಂತಾಳ ಅಜ್ಜಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆಕೆ ಗೆದ್ದು ಪಡೆದ ಮಾತುಗಳನ್ನು ಕೇಳಿದರೆ ನೀವೂ ಕೈ ಮುಗಿಯುತ್ತೀರಿ. ಒಂದು ವರ್ಷ ಮಗನ ಜರ್ದಾ ಬಿಡಿಸಿದಳು. ಇನ್ನೊಂದು ವರ್ಷ, ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವುದು ಇನ್ನು ಬಂದ್, ಎಲ್ಲರೂ ಕೂಡಿಯೇ ಉಣ್ಣಬೇಕು ಅಂದಳು. ಮತ್ತೊಂದು ವರ್ಷ, ನಡುಗೋಡೆಯ ಜಗಳದಲ್ಲಿ ಮಾತು ಬಿಟ್ಟಿದ್ದ ಮಾವ ಮತ್ತು ಅವರ ತಮ್ಮ ದಿನವೂ ಒಂದೇ ತಾಟಿನಲ್ಲಿ ಉಣ್ಣಬೇಕೆಂದು ಕೇಳಿದಳು. ಅಣ್ಣತಮ್ಮಂದಿರು ಹದಿನೈದು ದಿನ ತುಟಿ ಪಿಟಕ್ಕೆನ್ನದೆ ಉಂಡರಂತೆ. ಹದಿನಾರನೆಯ ದಿನ ಒಬ್ಬರಿಗೆ ಉಪ್ಪಿನಕಾಯಿ ಬೇಕಾಯಿತು, ಕೇಳಲು ಬಾಯಿ ಬಿಡಲೇಬೇಕಾಯಿತು. ಇಷ್ಟೆಲ್ಲ ಗೆದ್ದವಳು ತನಗಾಗಿ ಒಂದು ಸಲವೂ ಏನೂ ಕೇಳಿರಲಿಲ್ಲ. ನಾನು ಬಿ.ಎಸ್ಸಿ. ಓದಿದವನು, ಗೆದ್ದರೆ ಮಾವನ ಕೈಗಡಿಯಾರ ಕೇಳಬೇಕೆಂದು ಮೊದಲ ವರ್ಷವೇ ನಿಶ್ಚಯ ಮಾಡಿಕೊಂಡಿದ್ದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಶುರುವಿಗೆ ಎಲ್ಲರೂ ಒಂದೊಂದು ಬೀಜ ನಡುವೆ ಇಡಬೇಕು, ಪ್ರತಿಯೊಬ್ಬರಿಗೂ ಮೂರು ಎಲೆ. ಮೂರೂ ಒಂದೇ ಬಗೆಯವು, ಮೂರು ರಾಜನೋ ಮೂರು ಎಕ್ಕವೋ, ಬಂದರೆ ರಾಜಯೋಗ. ಸಾಲಾಗಿ ಬಂದರೆ ಅದೃಷ್ಟ. ಜೋಡಿ ಬಂದರೆ ಸಂಸಾರ ಸಾಗಿಸುವಷ್ಟು. ಏನೂ ಬರದಿದ್ದರೆ ನನ್ನ ಪಾಲಿಗೆ ಬಂದದ್ದು. ನಿಮ್ಮ ಎಲೆ ಚೆನ್ನಾಗಿದೆ ಅನಿಸಿದರೆ ನಡುವೆ ಬೀಜ ಇಡುತ್ತ ಹೋಗಬೇಕು, ಅನಿಸದಿದ್ದರೆ ಪ್ಯಾಕ್ ಎಂದು ಎಲೆ ಬಿಟ್ಟುಕೊಡಬೇಕು. ಕೊನೆಗೆ ಇಬ್ಬರೇ ಉಳಿದಾಗ ಒಬ್ಬರು ಶೋ ಕೇಳಿದರೆ ಎಲೆ ತೆರೆದು ನೋಡುವುದು. ಬೇಕಿದ್ದರೆ ನಿಮ್ಮ ಎಲೆಯನ್ನು ನೀವೇ ನೋಡದೆ, ಮುಚ್ಚಿಟ್ಟುಕೊಂಡೇ ಆಡಬಹುದು. ಹಾಗೆ ಆಡುವವರು ಒಂದು ಬೀಜ ಇಟ್ಟರೆ, ಎಲೆ ನೋಡಿಕೊಂಡು ಆಡುವವರು ಎರಡು ಇಡಬೇಕು. ಆಯಿ ಹೆಚ್ಚಾಗಿ ಮುಚ್ಚಿಯೇ ಆಡುತ್ತಿದ್ದಳು. ಗೋಡೆಗೆ ಒರಗಿ, ಎಲೆಯ ಮೇಲೆ ಅಂಗೈ ಇಟ್ಟು, ಯಾರ ಕಡೆಗೂ ನೋಡದೆ ಕೂತಿರುತ್ತಿದ್ದಳು. ನಾನದನ್ನು ಸೊಕ್ಕು ಎಂದುಕೊಂಡಿದ್ದೆ.

ಮೊದಲ ವರ್ಷ ಹೊಸ ಅಳಿಯನ ಹುರುಪಿನಲ್ಲಿ ನಾನು ಮಾಡಿದ್ದು ಶುದ್ಧ ಸುಳ್ಳಾಟ. ಕೈಯಲ್ಲಿ ಎರಡು, ಐದು, ಒಂಬತ್ತು ಹಿಡಿದು, ಮೂರು ರಾಜ ಹಿಡಿದವನ ಗತ್ತಿನಲ್ಲಿ ಬೀಜ ಸುರಿದೆ. ಮಾವ ಹೆದರಿ ಎಲೆ ಬಿಟ್ಟರು. ಭಾವಮೈದುನ ಮಲ್ಲು ಬಿಟ್ಟ. ಅತ್ತೆಯವರು ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಯಾವಾಗಲೂ ಮೊದಲೇ ಬಿಟ್ಟು ಏಳುವವರು. ಹೀಗೆ ನಾಲ್ಕಾರು ಆಟ ಗೆದ್ದು ನಾನು ಗಡಿಯಾರದ ಪಟ್ಟಿ ಬದಲಿಸಬೇಕೋ ಇದೇ ಇರಲೋ ಎಂದು ಯೋಚಿಸುತ್ತಿದ್ದಾಗ ಆಯಿ ಶೋ ಅಂದಳು. ತೆರೆದೆ. ಮತ್ತೆ ಎರಡು, ನಾಲ್ಕು, ಎಂಟು. ಮಲ್ಲು ಹೊಟ್ಟೆ ಹಿಡಿದುಕೊಂಡು ಉರುಳಾಡಿದ. ತಾನು ಜೋಡಿ ರಾಣಿ ಬಿಟ್ಟುಕೊಟ್ಟದ್ದು ಇಂಥ ಎಲೆಗೆ ಎಂದು ತಿಳಿದ ಮಾವ ನಗಲಿಲ್ಲ. ಕನ್ಯಾದಾನಕ್ಕೆ ಮೊದಲು ಈ ಆಟ ಒಂದು ಸಲ ಆಡಿಸಿ ನೋಡಬೇಕಿತ್ತು ಎಂಬ ಭಾವ ಅವರ ಮುಖದಲ್ಲಿ ಸ್ಪಷ್ಟವಾಗಿ ಕಂಡಿತು.

ಎರಡನೆಯ ವರ್ಷ ಬುದ್ಧಿ ಬಂದಿರಲಿಲ್ಲ. ಹೋದ ವರ್ಷದ್ದು ಯಾರ ನೆನಪಿನಲ್ಲಿರುತ್ತದೆ ಎಂದುಕೊಂಡು ಮೊದಲ ಆಟದಲ್ಲೇ ಮತ್ತೊಂದು ಸುಳ್ಳು ಹೂಡಿದೆ. ಐವರೂ ಬಿಡದೆ ಬೀಜ ಇಟ್ಟರು! ಒಲೆಯ ಮೇಲೆ ಹಾಲಿಟ್ಟಿದ್ದ ಅತ್ತೆಯವರು ಹಾಲು ಉಕ್ಕಿದರೂ ಏಳಲಿಲ್ಲ. ನನ್ನ ಬಟ್ಟಲು ಅರ್ಧವಾದ ಮೇಲೆ ಗಣಿತದವನ ತಲೆ ಓಡಿತು. ಇವರು ನಾನು ಸುಳ್ಳನೆಂದು ನಂಬಿದ್ದಾರೆ, ಒಳ್ಳೆಯದೇ ಆಯಿತು. ಇನ್ನು ಒಳ್ಳೆಯ ಎಲೆ ಬಂದಾಗ ಮಾತ್ರ ಆಡುತ್ತೇನೆ, ಇವರು ನಂಬದೆ ಬೀಜ ಸುರಿಯಲಿ. ಉಪಾಯ ಎರಡು ಸಲ ಭರ್ಜರಿಯಾಗಿ ಫಲಿಸಿತು. ಮೂರನೆಯ ಸಲಕ್ಕೆ ಮಾವ ಎಚ್ಚೆತ್ತರು. ಆಮೇಲೆ ನಾನು ಬೀಜಕ್ಕೆ ಕೈ ಹಾಕಿದರೆ ಸಾಕು, ಎಲ್ಲರೂ ಪ್ಯಾಕ್. ಜನ ನಂಬಿದರೆಂದು ಗೊತ್ತಾಗಿ ಮತ್ತೆ ಸುಳ್ಳಿಗೆ ಇಳಿದೆ. ಮಾವ, ಮಲ್ಲು ಇಬ್ಬರೂ ಮೋಸ ಹೋದರು, ಆಯಿ ಮಾತ್ರ ಹೋಗಲಿಲ್ಲ. ಸುಳ್ಳಾಡಿದಾಗ ತಪ್ಪದೆ ಶೋ ಅನ್ನುತ್ತಿದ್ದಳು, ನಿಜವಿದ್ದಾಗ ತಪ್ಪದೆ ಎಲೆ ಬಿಡುತ್ತಿದ್ದಳು. ನಾನು ಮನೆಗೆ ಬಂದು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಇದರ ಲೆಕ್ಕ ಹಾಕಿದೆ. ಎಷ್ಟು ಸುಳ್ಳಿಗೆ ಎಷ್ಟು ನಿಜ ಬೆರೆಸಬೇಕು, ಯಾರ ಮುಂದೆ ಯಾವಾಗ ಎಂದು ಪಟ್ಟಿ ಮಾಡಿದೆ. ಮಾವ ಹಗೆ ಮರೆಯುವವರಲ್ಲ, ಅವರ ಮುಂದೆ ನಿಜವೇ ಲೇಸು. ಮಲ್ಲುವಿಗೆ ಒಂದು ಚಕ್ಕುಲಿ ತಿನ್ನುವುದರೊಳಗೆ ಎಲ್ಲ ಮರೆತುಹೋಗುತ್ತದೆ, ಅವನ ಮುಂದೆ ಏನಾದರೂ ನಡೆಯುತ್ತದೆ. ಆಯಿಯ ಹೆಸರಿನ ಮುಂದೆ ಮಾತ್ರ ಏನೂ ಬರೆಯಲಾಗಲಿಲ್ಲ.

ಮೂರನೆಯ ವರ್ಷ ದೀಪಾವಳಿ ಬರುವಷ್ಟರಲ್ಲಿ ಮನೆಯಲ್ಲಿ ಬೇರೆಯದೇ ಚಿಂತೆ ಹೊಕ್ಕಿತ್ತು. ಆಯಿಯ ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ಪೊರೆ ಪೂರ್ತಿ ಬಲಿತಿದೆ, ಈಗ ತೆಗೆಸದಿದ್ದರೆ ಆಮೇಲೆ ತೆಗೆಸಿಯೂ ಉಪಯೋಗವಿಲ್ಲ ಎಂದು ಹುಮನಾಬಾದಿನ ಡಾಕ್ಟರು ಹೇಳಿದ್ದರು. ಹಬ್ಬ ಮುಗಿದ ಎಂಟು ದಿನಕ್ಕೆ ಬಸವಕಲ್ಯಾಣದಲ್ಲಿ, ಅದೂ ನನ್ನ ಶಾಲೆಯಲ್ಲೇ, ಕಣ್ಣಿನ ಶಿಬಿರ. ಹೊರಗಿನ ದೊಡ್ಡ ಡಾಕ್ಟರುಗಳು ಬರುವುದು ವರ್ಷಕ್ಕೆ ಅದೊಂದೇ ಸಲ. ಎಲ್ಲ ಅನುಕೂಲವಾಗಿತ್ತು, ಆಯಿಯೊಬ್ಬಳು ಒಲ್ಲೆನೆಂದಳು. ಚಿಟಗುಪ್ಪದಲ್ಲಿದ್ದ ಆಕೆಯ ತಂಗಿ ಹಿಂದೆ ಎಂದೋ ಆಪರೇಷನ್ ಮಾಡಿಸಿಕೊಂಡು ಇದ್ದ ಕಣ್ಣನ್ನೂ ಕಳೆದುಕೊಂಡಿದ್ದಳಂತೆ. ಆದರೆ ಆಯಿ ಅದರ ಸುದ್ದಿ ಎತ್ತುತ್ತಿರಲಿಲ್ಲ. ಆಕೆಯ ವಾದವೇ ಬೇರೆ. ನನಗೆ ಎಲ್ಲ ಕಾಣುತ್ತದೆ, ಕಣ್ಣು ಕಾಣದವಳು ಪ್ರತಿ ವರ್ಷ ಇಸ್ಪೀಟು ಗೆಲ್ಲುತ್ತಾಳೇನು ಎಂದು ಕೇಳುತ್ತಿದ್ದಳು. ಮಗ ಬೇಡಿದರು, ಸೊಸೆ ಅತ್ತರು, ಡಾಕ್ಟರು ಗದರಿದರು. ಎಲ್ಲರಿಗೂ ಅದೊಂದೇ ಉತ್ತರ.

ಹಬ್ಬಕ್ಕೆ ಹೊರಟಾಗ ಬಸ್ಸಿನಲ್ಲಿ ಶಾಂತಾ ನನ್ನ ಕಡೆ ತಿರುಗಿ, ಈ ಸಲ ಗೆದ್ದು ಆಯಿಯನ್ನು ಶಿಬಿರಕ್ಕೆ ಕಳಿಸುವ ಮಾತು ಕೇಳಬೇಕು ಅಂದಳು. ಬೇರೆಯವರು ಗೆಲ್ಲಲಿ ಅಂದೆ. ಅಪ್ಪನಿಗೆ ಆಯಿಯನ್ನು ಸೋಲಿಸುವ ಧೈರ್ಯವಿಲ್ಲ, ಮಲ್ಲುವಿನ ಮಾತು ಬಿಡಿ, ಅವ್ವ ಹಾಲು ಕಾಯಿಸುತ್ತಾಳೆ, ನಾನು ಆಯಿಯ ತೊಡೆಯ ಮೇಲೆ ಬೆಳೆದವಳು ಎಂದು ಒಬ್ಬೊಬ್ಬರನ್ನೇ ಹೆಸರಿಸಿ ಕಳೆದು, ಕೊನೆಗೆ ಉಳಿದವನು ನಾನು ಎಂದು ಲೆಕ್ಕ ಒಪ್ಪಿಸಿದಳು. ಗಣಿತದ ಮಾಸ್ತರನಾಗಿ ಆ ಲೆಕ್ಕ ಒಪ್ಪಿಕೊಂಡೆ. ದಾರಿಯ ರಾಜೇಶ್ವರ ಊರು ದಾಟುವವರೆಗೂ ನೋಟ್‌ಬುಕ್ಕಿನ ಪಟ್ಟಿಯನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಗಡಿಯಾರದ ಆಸೆಗೆ ಅಲ್ಲೇ ಕೈ ತೊಳೆದುಕೊಂಡೆ.

ಮೊದಲ ದಿನದ ಆಟದಲ್ಲಿ ನಡೆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಕಣ್ಣಿನ ವಿಷಯ ಎಲ್ಲರ ಬಾಯಲ್ಲಿದೆ ಎಂದು ತಿಳಿದೋ ಏನೋ, ಆಯಿ ಆ ದಿನ ಒಂದು ಆಟದಲ್ಲಿ ಎಲೆ ನೋಡಿಕೊಂಡೇ ಆಡುತ್ತೇನೆ ಅಂದಳು. ಮೂರೂ ಎಲೆ ಎತ್ತಿ, ಬೀಸಣಿಗೆಯ ಹಾಗೆ ಬಿಡಿಸಿ, ಮುಖದ ಹತ್ತಿರ ಹಿಡಿದು ಸಾವಕಾಶವಾಗಿ ನೋಡಿದಳು. ಆದರೆ ಎಲೆಗಳ ಬೆನ್ನು ಆಕೆಯ ಕಡೆಗಿತ್ತು, ಮುಖ ನಮ್ಮ ಕಡೆಗೆ. ಮೂರು, ಆರು, ಗುಲಾಮ. ಇಡೀ ಮನೆ ಆಕೆಯ ಎಲೆ ನೋಡಿತು, ಆಕೆಯೊಬ್ಬಳನ್ನು ಬಿಟ್ಟು. ನೋಡಿ ಮುಗಿಸಿದವಳ ಹಾಗೆ ತಲೆಯಾಡಿಸಿ, ಎಲೆ ಕೆಳಗಿಟ್ಟು, ಹೊಡೆದ ಹಾಗೆ ಎರಡು ಬೀಜ ಇಟ್ಟಳು. ಮಾವನ ಕೈಯಲ್ಲಿ ಜೋಡಿ ಇತ್ತೆಂದು ಆಮೇಲೆ ಗೊತ್ತಾಯಿತು. ಅವರು ತಲೆ ತಗ್ಗಿಸಿ ಪ್ಯಾಕ್ ಅಂದರು. ಮಲ್ಲು ಪ್ಯಾಕ್. ಶಾಂತಾ ಆಗಲೇ ಎಲೆ ಬಿಟ್ಟಿದ್ದಳು. ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು. ನನ್ನ ಕೈಯಲ್ಲಿ ಎಕ್ಕದ ಜೋಡಿ. ನಾನೂ ಪ್ಯಾಕ್ ಅಂದೆ. ಗೆದ್ದ ಬೀಜವನ್ನು ಬಟ್ಟಲಿಗೆ ತುಂಬಿಕೊಳ್ಳುತ್ತ ಆಯಿ, ನೋಡಿದಿರಲ್ಲ, ನನಗೆ ಕಾಣುವುದಿಲ್ಲವಂತೆ ಎಂದು ನಕ್ಕಳು.

ಅಡುಗೆಮನೆಯ ಹಿಂದೆ ಶಾಂತಾ ನನ್ನನ್ನು ತಡೆದು ನಿಲ್ಲಿಸಿದಳು. ಅಷ್ಟು ಸಿಟ್ಟನ್ನು ನಾನು ಆಕೆಯ ಮುಖದಲ್ಲಿ ಎಂದೂ ಕಂಡಿರಲಿಲ್ಲ. "ಎಲ್ಲಾರೂ ಕೂಡಿ ಮರ್ಯಾದಿ ಮಾಡಿ ಮಾಡಿ ಆಕಿನ್ನ ಕುರುಡಿ ಮಾಡಾಕತ್ತೀರಿ," ಅಂದಳು. ಅತ್ತುಬಿಟ್ಟಳು. ನನ್ನ ಹತ್ತಿರ ಎಕ್ಕದ ಜೋಡಿ ಇದ್ದದ್ದನ್ನು ನಾನು ಆಕೆಗೆ ಈಗಲೂ ಹೇಳಿಲ್ಲ, ಇದನ್ನು ಓದಿಯೇ ತಿಳಿಯಬೇಕು. ಆಯಿಯನ್ನು ಸೋಲಿಸುವುದು ಹೇಗೆ, ನನ್ನ ಸುಳ್ಳು ಆಕೆಗೆ ಕಣ್ಣಿಲ್ಲದೆಯೂ ಕಾಣುತ್ತದೆಯಲ್ಲ ಅಂದೆ. ಶಾಂತಾ ಸೆರಗಿನಿಂದ ಮೂಗೊರೆಸಿಕೊಂಡು, ಅದೇನು ದೊಡ್ಡ ವಿದ್ಯೆ ಅಲ್ಲ ಅಂದಳು. "ಸುಳ್ಳ ಇದ್ದಾಗ ನಿಮ್ಮ ಮರ್ಯಾದಿ ಹೆಚ್ಚಾಗತದ್ರಿ. ಆಯಿ, ಮೊಣಕಾಲ ಹ್ಯಾಂಗ ಅದರಿ, ಹಿಂದ ಒರಗಾಕ ಲೋಡ್ ಕೊಡ್ಲೇನ್ರಿ, ಎಲಿ ಅಡಿಕಿ ಬೇಕೇನ್ರಿ ಅಂತ ಶುರು ಮಾಡ್ತೀರಿ. ಛೊಲೊ ಎಲಿ ಬಂದ್ರ ಯಾರ ಕಡೀನೂ ನೋಡಂಗಿಲ್ಲ." ಇದು ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮದುವೆಯಾದ ತಿಂಗಳಿನಿಂದ ಅಂದಳು. ಸ್ನೇಹಿತರ ಜೊತೆ ಹರಟೆ ಹೊಡೆದು ತಡವಾಗಿ ಮನೆಗೆ ಬಂದು ಶಾಲೆಯಲ್ಲಿ ಕೆಲಸವಿತ್ತು ಎಂದು ಹೇಳುವ ದಿನ, ನೀನು ಉಂಡೆಯಾ, ತಲೆನೋವು ಹೇಗಿದೆ, ಬಿಂದಿಗೆ ನೀರು ನಾನೇ ತರಲೇ ಎಂದು ಕೇಳುತ್ತೇನಂತೆ. ಮೂರು ವರ್ಷ ನನ್ನ ಸಂಸಾರ ಅನ್ಯೋನ್ಯವಾಗಿ ಸಾಗಿದ್ದರ ಗುಟ್ಟು ಆಗ ತಿಳಿಯಿತು. ಬಿಂದಿಗೆ ನೀರು ಸಿಗುತ್ತದೆಂದು ಆಕೆ ಸುಮ್ಮನಿದ್ದಳು.

ಅಂದಮೇಲೆ ದಾರಿ ಸ್ಪಷ್ಟ. ಸುಳ್ಳನೆಂದು ಹೆಸರಾದವನು ಸುಳ್ಳು ಬಿಡುವುದಲ್ಲ, ಸುಳ್ಳನ ಹಾಗೆ ನಟಿಸುತ್ತ ನಿಜ ಆಡಬೇಕು. ಪಾಡ್ಯದ ಮಧ್ಯಾಹ್ನದವರೆಗೆ ನಾನು ಕೆಟ್ಟ ಎಲೆ ಬಂದರೆ ಬಾಯಿ ಮುಚ್ಚಿಕೊಂಡು ಬಿಟ್ಟೆ, ಸುಮಾರಾಗಿದ್ದರೆ ಮೆಲ್ಲಗೆ ಆಡಿದೆ. ಮೊದಲು ಮಲ್ಲು ಎದ್ದ, ಆಮೇಲೆ ಶಾಂತಾ, ಆಮೇಲೆ ಮಾವ. ಅತ್ತೆಯವರು ಯಾವಾಗ ಆಟದಿಂದ ಹೊರಬಿದ್ದರೆಂದು ಯಾರಿಗೂ ಗೊತ್ತಾಗಲಿಲ್ಲ. ಉಳಿದವರು ಆಯಿ ಮತ್ತು ನಾನು. ಆಕೆಯ ಬಟ್ಟಲು ನನ್ನದಕ್ಕಿಂತ ತುಸು ಕಡಿಮೆ ತುಂಬಿತ್ತು ಅಷ್ಟೆ. ಪಾಡ್ಯದ ಪದ್ಧತಿಯಂತೆ ಅಂಗಳದಲ್ಲಿ ಸಗಣಿಯ ಪಾಂಡವರನ್ನು ಇಟ್ಟು ಪೂಜೆ ಮಾಡಬೇಕಿದ್ದ ಹೆಂಗಸರು ಅದನ್ನು ಬಿಟ್ಟು ಪಡಸಾಲೆಗೆ ಬಂದು ನಿಂತರು.

ಮೂರೋ ನಾಲ್ಕೋ ಆಟದ ಮೇಲೆ ನನ್ನ ಎಲೆ ಎತ್ತಿ ನೋಡಿದೆ. ಎಂಟು, ಒಂಬತ್ತು, ಹತ್ತು. ಸಾಲು! ಆಯಿ ಎಂದಿನಂತೆ ತನ್ನ ಎಲೆ ಮುಟ್ಟಲಿಲ್ಲ, ಮುಚ್ಚಿಯೇ ಒಂದು ಬೀಜ ಇಟ್ಟಳು. ನಾನು ಎರಡಿಟ್ಟು, ನನ್ನ ಜೀವಮಾನದ ಅತ್ಯುತ್ತಮ ನಟನೆಗೆ ಇಳಿದೆ. "ಆಯಿ, ಮೊಣಕಾಲ ನೋವು ಹ್ಯಾಂಗ ಅದರಿ?" ಅಂದೆ. ಆಯಿ ತಲೆ ಸ್ವಲ್ಪ ಓರೆ ಮಾಡಿದಳು. ಇಷ್ಟು ದಿನ ಇದ್ದದ್ದೇ, ಚಳಿಗೆ ಸ್ವಲ್ಪ ಹೆಚ್ಚು, ಎಳ್ಳೆಣ್ಣೆ ಹಚ್ಚುತ್ತಿದ್ದೇನೆ ಎಂದು ನಿಧಾನವಾಗಿ ಹೇಳಿದಳು. ಹೇಳಿ ಬೀಜ ಹೆಚ್ಚಿಸಿದಳು. ನಾನೂ ಹೆಚ್ಚಿಸಿದೆ. ಲೋಡು ಕೊಡಲೇ ಎಂದು ಕೇಳಿದೆ, ಕೊಡಿ ಅಂದಳು, ಎದ್ದು ಕೊಟ್ಟೆ. ಮಾವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಆಯಿ ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಇದ್ದದ್ದನ್ನೆಲ್ಲ ನಡುವೆ ಸುರಿದಳು. ಒಂದೇ ಮಾತು. "ಶೋ."

ತೆರೆದೆ. ಶಾಂತಾ ಆಯಿಯ ಎಲೆ ತೆರೆದು ಗಟ್ಟಿಯಾಗಿ ಓದಿದಳು. ರಾಣಿ, ಏಳು, ಮೂರು. ಆಮೇಲೆ ನನ್ನದನ್ನು ಓದಿದಳು. ಆಯಿ ಸೋತಿದ್ದಳು. ಆ ಮನೆಯಲ್ಲಿ ಗೆದ್ದವರ ಕಡೆ ಯಾರೂ ನೋಡಲಿಲ್ಲ. ಮಾತು ಕೇಳ್ರಿ ಮಾಸ್ತರ ಅಂದಳು ಆಯಿ. ಕಣ್ಣಿನ ಶಿಬಿರಕ್ಕೆ ಬರಬೇಕು ಅಂದೆ. ಆಕೆ ಸೆರಗು ಸರಿಮಾಡಿಕೊಂಡು, ಆಯಿತು ಅಂದಳು. ಅಷ್ಟೇ. ಅಳಲಿಲ್ಲ, ಸಿಟ್ಟಾಗಲಿಲ್ಲ. ಪಾಂಡವರ ಪೂಜೆ ಯಾಕೆ ತಡವಾಯಿತೆಂದು ಸೊಸೆಯನ್ನು ಗದರಿದಳು.

ಮುಂದಿನ ಎಂಟು ದಿನ ನಾನು ಬಸವಕಲ್ಯಾಣದ ಮಾಸ್ತರರ ಕೋಣೆಯಲ್ಲಿ ಹೇಳಿದ ಕಥೆಗೆ ಮಿತಿ ಇರಲಿಲ್ಲ. ಮನೆತನದ ಮಹಾಮಲ್ಲಳನ್ನು ಬುದ್ಧಿಬಲದಿಂದ ಸೋಲಿಸಿದ್ದು ಹೇಗೆ ಎಂದು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದೆ. ಎದುರಾಳಿ ನಿನ್ನ ಸುಳ್ಳನ್ನು ಕಂಡಮೇಲೆ ಆ ಸುಳ್ಳೇ ನಿನ್ನ ಬಂಡವಾಳ ಎಂದು ಸಿದ್ಧಾಂತ ಮಾಡಿದೆ. ಹೆಡ್ ಮಾಸ್ತರರು ಎಲ್ಲ ಕೇಳಿ, ಸೋದರತ್ತೆ ಆರಾಮಿದ್ದಾರಲ್ಲ ಎಂದಷ್ಟೇ ಕೇಳಿದರು.

ಶಿಬಿರದಲ್ಲಿ ಆಯಿಯ ಪಾಲಿಗೆ ಬಂದದ್ದು ಐದನೆಯ ತರಗತಿಯ ಕೋಣೆ. ಆ ಸಲ ಬಲಗಣ್ಣಿನ ಆಪರೇಷನ್ ಮಾತ್ರ ಆಯಿತು. ಆ ಕಾಲದಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಅಲ್ಲಾಡದೆ ಮಲಗಿಸುತ್ತಿದ್ದರು. ಕೆಮ್ಮಬಾರದು, ನಗಬಾರದು. ನಾನು ಬಂದರೆ ನಗು ಬರುತ್ತದೆಂದು ಆಯಿ ಎರಡು ದಿನ ನನ್ನನ್ನು ಒಳಗೇ ಬಿಡಗೊಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಶಾಂತಾ ಊಟಕ್ಕೆ ಹೋದಾಗ ನಾನೊಬ್ಬನೇ ಹತ್ತಿರ ಕೂತಿದ್ದೆ. ಎರಡೂ ಕಣ್ಣಿಗೆ ಪಟ್ಟಿ ಇತ್ತು. ಆಯಿ ಮೆಲ್ಲಗೆ, ಮಾಸ್ತರ ಇದ್ದೀರೇನು ಅಂದಳು. ಇದ್ದೇನ್ರಿ ಅಂದೆ. ನನ್ನನ್ನು ಸೋಲಿಸಿದೆನೆಂದು ಊರೆಲ್ಲ ಹೇಳುತ್ತಿದ್ದೀರಂತೆ ಅಂದಳು. ನಾನು ಸಂಕೋಚದಿಂದ ಹೌದೆಂದೆ.

"ನಿಮಗ ಸುಳ್ಳ ಇದ್ದಾಗ ಮೊಣಕಾಲ ಹ್ಯಾಂಗ ಅದ ಅಂತ ಕೇಳ್ತಿದ್ರಿ, ನಾ ಉತ್ತರ ಹೇಳೂದರಾಗ ಬೀಜ ಇಡ್ತಿದ್ರಿ," ಅಂದಳು. "ಅವತ್ತ ಕೇಳಿ, ಸುಮ್ಮ ಕುಂತು, ನಾ ಹೇಳೂದೆಲ್ಲಾ ಕೇಳಿದ್ರಿ. ಆಗ ತಿಳೀತು, ಇವರ ಕೈಯಾಗ ಖರೇನ ಎಲಿ ಬಂದದ ಅಂತ."

ಗೊತ್ತಿದ್ದೂ ಬಟ್ಟಲು ಯಾಕೆ ಸುರಿದಿರಿ ಎಂದು ಕೇಳಿದೆ. ಆಕೆ ಮರಳಿನ ಚೀಲದ ಮೇಲೆ ಬೆರಳಾಡಿಸಿದಳು.

"ಅಂಜಿಕಿ ಬಂದಿತ್ರಿ ಮಾಸ್ತರ. ತಂಗಿದು ನೋಡೇನಲ್ಲ. ಒಲ್ಲೆ ಅಂತ ಎಲ್ಲಾರಿಗೂ ಹೇಳಿಬಿಟ್ಟಿದ್ದೆ, ಹ್ಯಾಂಗ ತಿರುಗಿ ಹೂಂ ಅನ್ಲಿ? ಯಾರು ಗೆದ್ರೂ ಶಿಬಿರದ ಮಾತ ಕೇಳೂದು, ಸೋತ್ರ ಹೋಗಲೇಬೇಕಲ್ಲ. ಮಗಗ ಸೋಲಬೇಕಂದ್ರ ಅಂವ ನನಗ ಸೋಲಿಸಾಂವ ಅಲ್ಲ. ನೀವು ಒಬ್ಬರ ಇದ್ರಿ."

ನಾನು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ಎದುರಿಗಿದ್ದ ಮಾಸ್ತರರ ಕೋಣೆಯ ಕಪ್ಪುಹಲಗೆಯ ಮೇಲೆ ನನ್ನ ಸಿದ್ಧಾಂತ ಇನ್ನೂ ಹಾಗೇ ಇತ್ತು, ಯಾರೂ ಒರೆಸಿರಲಿಲ್ಲ. ಅಷ್ಟು ವರ್ಷ ಕತ್ತಲೆಯಲ್ಲಿ ಕೂತು, ಬರೀ ಕಿವಿಯಿಂದ ಒಂದು ಮನೆಯನ್ನು ಸಂಭಾಳಿಸಿದವಳು, ತನ್ನ ಹೆದರಿಕೆಯನ್ನು ದಾಟಲು ಕೂಡ ಹುಣಸೆ ಬೀಜದ ದಾರಿಯನ್ನೇ ಹುಡುಕಿಕೊಂಡಿದ್ದಳು. ಅಂಥವಳ ಮುಂದೆ ನನ್ನ ನೂರು ಪುಟದ ನೋಟ್‌ಬುಕ್ಕು ಯಾವ ಲೆಕ್ಕ! ನನಗೆ ಆಯಿಯ ಮೇಲೆ ಅಂದು ಬಂದ ಗೌರವ ಯಾವ ಗುರುಗಳ ಮೇಲೂ ಬಂದಿರಲಿಲ್ಲ. ಸೀದಾ ಹೋಗಿ ಹಲಗೆ ಒರೆಸಿ ಬಂದೆ. ವಿಷಯವನ್ನು ಯಾರಿಗೂ ಹೇಳಲಿಲ್ಲ, ಯಾಕೆಂದರೆ ಗೆದ್ದ ಹೆಸರೊಂದಾದರೂ ನನಗೆ ಉಳಿಯಬೇಕಿತ್ತು.

ಕಣ್ಣು ಚೆನ್ನಾಗಿ ಬಂತು. ಒಂದೂವರೆ ತಿಂಗಳು ಕಳೆದ ಮೇಲೆ ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜಿನ ಚಷ್ಮಾ ಬಂತು. ಆಯಿ ಮೊದಲು ಮಗನ ಮುಖ ನೋಡಿ, ಎಷ್ಟು ಮುದುಕ ಆಗೀಯೋ ಎಂದು ಅತ್ತಳಂತೆ. ಶಾಂತಾಳ ಕೆನ್ನೆ ಮುಟ್ಟಿ ಮುಟ್ಟಿ ನೋಡಿದಳಂತೆ. ಶಾಲೆಯ ಪರೀಕ್ಷೆಗಳು, ಆಮೇಲೆ ಊರ ಕೆಲಸ ಎಂದು ನಾನು ಹುಮನಾಬಾದಿಗೆ ಹೋಗಲು ಆದದ್ದು ಮರುವರ್ಷದ ದೀಪಾವಳಿಗೇ. ಆಕೆ ಚಷ್ಮಾದಿಂದ ನನ್ನನ್ನು ನೋಡಿದ್ದು ಜಮಖಾನೆಯ ಮೇಲೆ ಎದುರಾಬದುರು ಕೂತಾಗಲೇ.

ಈ ಸಲ ನಾನು ಪೂರ್ತಿ ಸಿದ್ಧನಾಗಿ ಬಂದಿದ್ದೆ. ಮೊಣಕಾಲ ಸುದ್ದಿ ಎತ್ತುವುದಿಲ್ಲ, ಉಪಚಾರ ಮಾಡುವುದಿಲ್ಲ, ಎಂಥ ಎಲೆ ಬಂದರೂ ಒಂದೇ ದನಿ, ಒಂದೇ ನಡತೆ ಎಂದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆ. ಆಯಿ ಈಗ ಮುಚ್ಚಿ ಆಡುತ್ತಿರಲಿಲ್ಲ. ಹೊಸ ಆಟಿಕೆ ಸಿಕ್ಕವಳ ಹಾಗೆ ಒಂದೊಂದೇ ಎಲೆಯನ್ನು ಎತ್ತಿ, ಚಿತ್ರ ನೋಡಿ, ರಾಣಿಯ ಸೀರೆಯ ಬಣ್ಣ ಹೊಗಳಿ ಇಡುತ್ತಿದ್ದಳು. ಮೊದಲ ಆಟದಲ್ಲೇ ನನಗೆ ಮೂರು ಎಕ್ಕ ಬಂದವು. ಮೂರು ಎಕ್ಕ! ಹಿಂದೆಂದೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಕೆಮ್ಮಲಿಲ್ಲ, ಕದಲಲಿಲ್ಲ, ಒಂದು ಮಾತಾಡಲಿಲ್ಲ. ಆಯಿ ತನ್ನ ಎಲೆ ನೋಡಿದಳು, ಚಷ್ಮಾ ಸರಿಮಾಡಿಕೊಂಡು ನನ್ನ ಮುಖವನ್ನು ಒಂದು ಸಲ ನೋಡಿದಳು, ಪ್ಯಾಕ್ ಎಂದು ಎಲೆ ಇಟ್ಟಳು. ಆಕೆಯನ್ನೇ ನೋಡುತ್ತಿದ್ದ ಮಾವ ಪ್ಯಾಕ್ ಅಂದರು. ಮಲ್ಲು ಪ್ಯಾಕ್, ಶಾಂತಾ ಪ್ಯಾಕ್, ಅಡುಗೆಮನೆಯಿಂದಲೇ ಅತ್ತೆಯವರ ಪ್ಯಾಕ್ ಕೇಳಿಸಿತು. ನಡುವೆ ಬಿದ್ದಿದ್ದ ಆರು ಬೀಜ ಬಾಚಿಕೊಳ್ಳುತ್ತ, ಅಳು ಬರುವಂಥ ದನಿಯಲ್ಲಿ, ನಾನು ಒಂದು ಮಾತೂ ಆಡಲಿಲ್ಲವಲ್ಲ ಆಯಿ, ಹೇಗೆ ಗೊತ್ತಾಯಿತು ಎಂದು ಕೇಳಿದೆ.

ಆಯಿ ಚಷ್ಮಾ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ಇನ್ನೊಮ್ಮೆ ಚೆನ್ನಾಗಿ ನೋಡಿದಳು.

"ಇಷ್ಟ ವರ್ಷ ಕಿವಿ ಕೊಟ್ಟು ಕೊಟ್ಟು ದಣದಿದ್ದೆರಿ ಮಾಸ್ತರ. ನಿಮ್ಮ ಮಾರಿ ಇಷ್ಟ ಸಲೀಸ ಅದ ಅಂತ ಮೊದಲ ಗೊತ್ತಿದ್ರ, ಅಂಜದ ಯಾವಾಗೋ ಆಪರೇಷನ್ ಮಾಡಿಸ್ಕೋತಿದ್ದೆ."